ಕಾವಿಗೆ ಕೂತ ನಿನ್ನ ಹೇಂಟೆ

ಮಾರಾಯ,

ನಿನ್ನ ಕಾಗದ ಓದಿ ನಗು ಬಂತು. "ಕೋಳಿಗೆ ಏನೋ ಕಾಯಿಲೆ, ವಾರದಿಂದ ಗೂಡು ಬಿಟ್ಟು ಏಳ್ತಾ ಇಲ್ಲ, ಕೈ ಹಾಕಿದರೆ ಕುಕ್ಕುತ್ತೆ" ಅಂತ ಬರೆದಿದ್ದೀಯ. ಕಾಯಿಲೆ ಅಲ್ಲ, ಕಾವಿಗೆ ಕೂತಿದೆ. ಅಡಿಯಲ್ಲಿ ಒಂದು ಮೊಟ್ಟೆಯೂ ಇಲ್ಲದಿದ್ದರೂ ಕೂರುತ್ತದೆ. ಮೆಲ್ಲ ಎತ್ತಿ ಎದೆ ನೋಡು, ಪುಕ್ಕ ಕಿತ್ತುಕೊಂಡು ಬರೀ ಚರ್ಮ ಮಾಡಿಕೊಂಡಿರುತ್ತದೆ. ಮೊಟ್ಟೆಗೆ ಮೈಯ ಬಿಸಿ ತಾಗಲಿ ಅಂತ.

ನೀರಲ್ಲಿ ಮುಳುಗಿಸು ಅಂತ ಯಾರೋ ಹೇಳಿದರು ಅಂದೆಯಲ್ಲ, ಅದನ್ನು ಮಾತ್ರ ಮಾಡಬೇಡ. ನಾನು ಮಾಡಿ ಕೆಟ್ಟಿದ್ದೇನೆ. ಈ ಸಲ ಕಕ್ಕಡ ತಿಂಗಳ ಜೋರು ಮಳೆಗಾಲದಲ್ಲಿ, ನಮ್ಮ ಕೊಡಗಿನ ನಾಪೋಕ್ಲು ಕಡೆ ಮಳೆ ಹೇಗೆ ಅಂತ ನಿನಗೆ ಗೊತ್ತಲ್ಲ, ನಮ್ಮ ಕರಿ ಹೇಂಟೆಯನ್ನು ಬಕೆಟ್ಟಿಗೆ ಅದ್ದಿದೆ. ಒದ್ದೆಯಾಗಿ ಗಡಗಡ ನಡುಗುತ್ತಾ ಸೀದಾ ಗೂಡಿಗೇ ಓಡಿತು! ಅಮ್ಮ ಅದನ್ನು ಸೆರಗಲ್ಲಿ ಸುತ್ತಿ ಒಲೆ ಹತ್ತಿರ ಕೂರಿಸಿಕೊಂಡು, ನನ್ನನ್ನು ಎರಡು ದಿನ ಸರಿಯಾಗಿ ಮಾತಾಡಿಸಲಿಲ್ಲ.

ಆಮೇಲೆ ಮಾಡಿದ್ದು ಹೀಗೆ. ಹಳೆ ಮರದ ಪೆಟ್ಟಿಗೆಯ ತಳ ಕಿತ್ತು ತಂತಿ ಬಲೆ ಹೊಡೆದೆ. ಸೌದೆ ಕೊಟ್ಟಿಗೆಯಲ್ಲಿ ನಾಲ್ಕು ಇಟ್ಟಿಗೆ ಮೇಲೆ ಇಟ್ಟೆ. ಒಳಗೆ ಹುಲ್ಲು ಹಾಕಲೇಬಾರದು. ಕಾಳು, ನೀರು ಮಾತ್ರ. ಕೆಳಗಿಂದ ಗಾಳಿ ಆಡಿ ಹೊಟ್ಟೆ ತಣ್ಣಗಾದರೆ ಕಾವಿನ ಹಟ ಇಳಿಯುತ್ತದೆ. ಮೂರನೇ ದಿನ ಬಿಟ್ಟು ನೋಡಿದೆ, ಮತ್ತೆ ಗೂಡಿಗೆ ಓಟ. ಇನ್ನೆರಡು ದಿನ ಹಾಕಿದ ಮೇಲೆ ಹೊರಗೆ ಬಂದು ಕಾಫಿ ಗಿಡದ ಬುಡ ಕೆದಕತೊಡಗಿತು. ಸುಮ್ನೆ ಬಿಟ್ಟಿದ್ದರೆ ವಾರಗಟ್ಟಲೆ ಸರಿಯಾಗಿ ತಿನ್ನದೆ ಸೊರಗುತ್ತಿತ್ತು. ಕೂತಲ್ಲೇ ಹೇನೂ ಜಾಸ್ತಿ.

ಮರಿ ಮಾಡಿಸಬಹುದಿತ್ತಲ್ಲ ಅಂತೀಯ. ಆ ಮಳೆಯಲ್ಲಿ ಮರಿ ಬದುಕಿಸುವುದು ಯಾರಿಂದ ಆಗುತ್ತದೆ? ಒದ್ದೆಯಾದ ಮರಿ ಬೆಳಗಾಗುವಷ್ಟರಲ್ಲಿ ಸೆಟೆದು ಹೋಗಿರುತ್ತದೆ.

ಈಗ ಮಳೆ ಬಿಟ್ಟಿದೆ. ಅದೇ ಕರಿ ಹೇಂಟೆ ಮತ್ತೆ ಕೂತಿದೆ, ಈ ಸಲ ನಾನು ತಡೆಯಲಿಲ್ಲ. ಹಳೆ ಬುಟ್ಟಿಗೆ ಬೂದಿ ಉದುರಿಸಿ, ಹುಲ್ಲು ಹಾಸಿ, ರಾತ್ರಿ ಒಟ್ಟಿಗೇ ಹನ್ನೊಂದು ಮೊಟ್ಟೆ ಇಟ್ಟೆವು. ದಿನಕ್ಕೊಂದು ಇಡುತ್ತಾ ಹೋದರೆ ಮರಿ ಒಂದೊಂದು ದಿನ ಒಡೆದು ಬರುತ್ತದೆ, ತಾಯಿ ಮೊದಲ ಮರಿಗಳ ಹಿಂದೆ ಎದ್ದು ಹೋಗಿಬಿಡುತ್ತದೆ. ವಾರ ಕಳೆದ ಮೇಲೆ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ನೋಡಿದೆ, ಒಂಬತ್ತರಲ್ಲಿ ಕೆಂಪು ನರ ಕಾಣಿಸಿತು, ಅಂದರೆ ಒಳಗೆ ಮರಿ ಬೆಳೆಯುತ್ತಿದೆ. ಉಳಿದೆರಡು ತೆಗೆದೆ. ಅಮ್ಮ ಇಪ್ಪತ್ತೊಂದನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಗೆರೆ ಎಳೆದಿದ್ದಾರೆ.

ನಿನ್ನ ಹತ್ತಿರ ಹುಂಜ ಇಲ್ಲ ಅಲ್ವಾ? ಹಾಗಾದರೆ ನಿನ್ನ ಮೊಟ್ಟೆ ಎಷ್ಟು ದಿನ ಕೂರಿಸಿದರೂ ಮರಿಯಾಗದು. ಭಾನುವಾರ ಬಾ, ನಮ್ಮದೇ ಹತ್ತು ಕೊಡುತ್ತೇನೆ. ಕುಶಾಲನಗರದಲ್ಲಿ ನಿಮಗೆ ಮಳೆಯೂ ಕಡಿಮೆ. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗು, ಮೇಲಿನ ಸ್ಟ್ಯಾಂಡಿನಲ್ಲಿ ಬೇಡ. ಮನೆಗೆ ಹೋಗಿ ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಅಲುಗಾಡಿಸದೆ ಇಡು, ಮಾರನೇ ರಾತ್ರಿ ಕೂರಿಸು. ಅಲ್ಲಿವರೆಗೆ ಆ ಬಡಪಾಯಿಯನ್ನು ಎಬ್ಬಿಸಬೇಡ, ದಿನಕ್ಕೊಮ್ಮೆ ತಿನ್ನೋಕೆ ಇಳಿಸಿದರೆ ಸಾಕು.

ಇಂತಿ,
ನಿನ್ನ ಗೆಳೆಯ