ದೋಣಿಯ ಧೂಳಿನ ವಿಚಾರವಾಗಿ ಅಪ್ಪಾಜಿಗೆ

ಮಿನ್ನಿಯಾಪೊಲಿಸ್
ಜೂನ್, ಭಾನುವಾರ

ತೀರ್ಥರೂಪು ಅಪ್ಪಾಜಿಯವರಿಗೆ ಪ್ರಕಾಶ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು. ಅವ್ವನಿಗೆ ನಮಸ್ಕಾರ. ಗಿರೀಶಣ್ಣ, ಅತ್ತಿಗೆ ಮತ್ತು ಮಕ್ಕಳನ್ನು ಕೇಳಿದೆನೆಂದು ಹೇಳಿ. ರೇಣುಕಕ್ಕನಿಗೆ ಬೇರೆಯಾಗಿ ಬರೆದಿದ್ದೇನೆ.

ನಿಮ್ಮ ಪತ್ರ ಮೊನ್ನೆ ಕೈಸೇರಿತು. ಫೋನ್ ಮಾಡಿದಾಗ ಅವ್ವ ಪಕ್ಕದಲ್ಲೇ ಕೂತಿರುತ್ತಾಳಾದ್ದರಿಂದ ಅಲ್ಲಿ ಆಡಲಾಗದ ಮಾತನ್ನು ಕಾಗದದಲ್ಲಿ ಬರೆದಿದ್ದೀರಿ ಎಂಬುದು ಎರಡನೆಯ ಸಾಲಿಗೇ ತಿಳಿಯಿತು. ಗಿರೀಶಣ್ಣ ಮೊಬೈಲಿನಲ್ಲಿ ತೋರಿಸಿದ ಚಿತ್ರದಲ್ಲಿ ನಾನು ಅಡಿಯಿಂದ ಮುಡಿಯವರೆಗೆ ಬೆಳ್ಳಗೆ ನಿಂತಿದ್ದೇನೆಂದೂ, ಸುತ್ತಲಿನ ಗಾಳಿಯೆಲ್ಲ ಬಿಳಿ ಚುಕ್ಕೆಗಳಿಂದ ತುಂಬಿದೆಯೆಂದೂ, ಅದನ್ನು ನೋಡಿದ ರಾತ್ರಿ ನಿಮಗೆ ನಿದ್ದೆ ಹತ್ತಲಿಲ್ಲವೆಂದೂ ಬರೆದಿದ್ದೀರಿ. "ಮೂಗಿಗೆ ಬಟ್ಟೆ ನಾನೂ ಕಟ್ಟಿದ್ದೆ" ಎಂಬ ನಿಮ್ಮ ಸಾಲನ್ನು ಓದಿ, ಹತ್ತಿ ಮಿಲ್ಲಿನ ನಿಮ್ಮ ದಿನಗಳು ನೆನಪಾಗಿ ಬಹಳ ಹೊತ್ತು ಸುಮ್ಮನೆ ಕೂತೆ. ಬೇರೆ ಸುದ್ದಿಗಳನ್ನು ಬದಿಗಿಟ್ಟು ಈ ಒಂದು ವಿಚಾರಕ್ಕೇ ಉತ್ತರ ಬರೆಯುತ್ತಿದ್ದೇನೆ, ದಯವಿಟ್ಟು ಸಮಾಧಾನದಿಂದ ಪೂರ್ತಿ ಓದಬೇಕು.

ಮೊದಲು ನಾನು ರಿಪೇರಿ ಮಾಡುತ್ತಿರುವ ಈ ಹಳೆಯ ದೋಣಿ ಎಂಥದ್ದು ಎಂದು ಹೇಳುತ್ತೇನೆ. ಇದು 1960ರ ಸುಮಾರಿನ ಫೈಬರ್‌ಗ್ಲಾಸ್ ದೋಣಿ, ಇದೇ ಮಿನ್ನೆಸೋಟ ರಾಜ್ಯದ ಲಿಟಲ್ ಫಾಲ್ಸ್ ಎಂಬ ಊರಿನಲ್ಲಿ ತಯಾರಾದ ಲಾರ್ಸನ್ ಕಂಪನಿಯದು. ಆಗಿನ ಅಮೆರಿಕದ ಕಾರುಗಳಿಗೆ ಇದ್ದಂತೆಯೇ ಹಿಂಭಾಗದಲ್ಲಿ ಎರಡು ರೆಕ್ಕೆಗಳಿವೆ. ಪಕ್ಕದ ಮನೆಯ ಅಜ್ಜಿ ತೀರಿಹೋದ ತಮ್ಮ ಯಜಮಾನರ ದೋಣಿಯನ್ನು ಗುಜರಿಗೆ ಹಾಕಲು ಮನಸ್ಸಾಗದೆ ನನಗೆ ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ, ದೋಣಿ ಸಿದ್ಧವಾದ ಮೇಲೆ ಸ್ಪಷ್ಟವಾದ ಚಿತ್ರಗಳನ್ನು ತೆಗೆದು ಕೊಡಬೇಕೆಂದು ಮಾತ್ರ ಕೇಳಿದರು. ಆದ್ದರಿಂದ ಖರ್ಚಿನ ಬಗ್ಗೆ ನೀವು ಕೇಳಿರುವುದಕ್ಕೆ ಉತ್ತರ ಇಷ್ಟೇ: ಸಾಮಾನಿಗೆ ಬಿಟ್ಟು ಬೇರೆ ಯಾವುದಕ್ಕೂ ಖರ್ಚಿಲ್ಲ, ಸಾಲವಂತೂ ಇಲ್ಲವೇ ಇಲ್ಲ.

ನೀವು ನೂಲಿನ ನಡುವೆ ಬಾಳಿದವರು, ಆದ್ದರಿಂದ ಈ ದೋಣಿಯ ಮರ್ಮ ಇಲ್ಲಿನ ಎಷ್ಟೋ ಜನರಿಗಿಂತ ನಿಮಗೇ ಬೇಗ ತಿಳಿಯುತ್ತದೆ. ಗಾಜನ್ನು ಕರಗಿಸಿ ಕೂದಲಿಗಿಂತ ತೆಳ್ಳಗಿನ ಎಳೆ ತೆಗೆದು, ಆ ಎಳೆಗಳನ್ನು ಹಾಸುಹೊಕ್ಕಾಗಿ ನೇಯ್ದು ಬಟ್ಟೆ ಮಾಡುತ್ತಾರೆ. ಆ ಬಟ್ಟೆಯನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸಿ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವ ಕುಡಿಸಿದರೆ, ಗಟ್ಟಿಯಾದ ಮೇಲೆ ಅದೇ ದೋಣಿಯ ಮೈ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ರೇಡಾರ್ ಮುಚ್ಚಲು ಬಳಸಿದ ಈ ವಿದ್ಯೆ ಯುದ್ಧ ಮುಗಿದ ಮೇಲೆ ದೋಣಿಗಳಿಗೆ ಬಂತು. ಹರಿಹರದ ಹೊಳೆಯಲ್ಲಿ ನಾವು ಕೂತು ದಾಟಿದ ಹರಿಗೋಲಿಗೆ ಬಿದಿರಿನ ಹೆಣಿಗೆಯೇ ಬಲ, ಇಲ್ಲಿ ಗಾಜಿನ ನೇಯ್ಗೆಯೇ ಬಲ. ಒಳಭಾಗದಲ್ಲಿ ಬಣ್ಣ ಬಳಿಯದ ಮೂಲೆಗಳಲ್ಲಿ ಆ ನೇಯ್ಗೆ ಇಂದಿಗೂ ಕಾಣುತ್ತದೆ, ನೀವು ಬೆರಳಾಡಿಸಿದರೆ ಎಳೆ ಎಷ್ಟು ದಪ್ಪವೆಂದು ಹೇಳಿಬಿಡುತ್ತೀರಿ.

ಗಾಜು ಕೊಳೆಯುವುದಿಲ್ಲ. ಕೊಳೆತದ್ದು ಒಳಗಿನ ಮರ. ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆಯೊಳಗೆ ಆ ಕಾಲದಲ್ಲಿ ಪ್ಲೈವುಡ್ ಇಟ್ಟು ಎರಡೂ ಕಡೆ ಗಾಜಿನ ಪದರ ಹಾಕುತ್ತಿದ್ದರು. ಆಮೇಲೆ ಅದಕ್ಕೆ ಹೊಡೆದ ಸ್ಕ್ರೂಗಳ ತೂತಿನಿಂದ ವರ್ಷಾನುಗಟ್ಟಲೆ ನೀರಿಳಿದು ಮರವನ್ನು ತಿಂದುಹಾಕಿದೆ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದರೆ ಗಟ್ಟಿ ಇರುವ ಕಡೆ ಸದ್ದು ಖಣಿಲ್ಲೆನ್ನುತ್ತದೆ, ಕೊಳೆತ ಕಡೆ ದನಿಯೇ ಏಳುವುದಿಲ್ಲ. ಅಂಥ ಜಾಗದಲ್ಲಿ ಡ್ರಿಲ್ ಹಾಕಿದಾಗ ಚಹಾದ ಬಣ್ಣದ ನೀರು ತೊಟ್ಟಿಕ್ಕಿತು, ಹಿಂದೆಯೇ ಒದ್ದೆ ಮರದ ಪುಡಿ ಬಂತು. ಒಳಗಿನ ಪದರವನ್ನು ಕೊಯ್ದು ತೆಗೆದು, ಕೊಳೆತ ಮರವನ್ನೆಲ್ಲ ಉಳಿಯಿಂದ ಕೆತ್ತಿ, ಅಂಚುಗಳನ್ನು ಉದ್ದಕ್ಕೆ ಇಳಿಜಾರಾಗಿ ಸವೆಸಿದೆ. ಹಾಗೆ ಸವೆಸದಿದ್ದರೆ ಹೊಸ ಬಟ್ಟೆ ಹಳೆಯದನ್ನು ಬಲವಾಗಿ ಹಿಡಿಯುವುದಿಲ್ಲ. ನೀವು ಚಿತ್ರದಲ್ಲಿ ನೋಡಿದ ಬಿಳಿ ಧೂಳು ಆ ಸವೆಸುವ ಕೆಲಸದ್ದು. ಆ ಘಟ್ಟ ಮುಗಿದಿದೆ. ಹೊಸ ಮರ ಕೂರಿಸಿ ಎಪಾಕ್ಸಿ ಎಂಬ ಅಂಟಿನಿಂದ ಗಾಜಿನ ಬಟ್ಟೆ ಅಂಟಿಸಿಯೂ ಆಗಿದೆ. ಥಂಡಿಯಲ್ಲಿ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲವಾದ್ದರಿಂದ ಅದಕ್ಕಾಗಿ ಬೇಸಿಗೆಯನ್ನೇ ಕಾಯಬೇಕಾಯಿತು.

ಆಮೇಲೆ ಮಾಡಿದ್ದು ಹೊರಮೈ ಹೊಳಪಿನ ಕೆಲಸ. ಜೆಲ್‌ಕೋಟ್ ಎಂಬ ಮೇಲ್ಪದರ ಅರ್ಧ ಮಿಲಿಮೀಟರಿನಷ್ಟು ದಪ್ಪವಿರುತ್ತದೆ ಅಷ್ಟೆ. ಬಿಸಿಲಿಗೆ ಬೆಳ್ಳಗೆ ಪುಡಿಯೆದ್ದಿದ್ದ ಅದರ ಮೇಲುಮೈಯನ್ನು ಸುಣ್ಣ ಕೆರೆದಂತೆ ಕೆರೆದರೆ ಕೆಟ್ಟಿತು. ನಮ್ಮ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ಕಾರಿಗೆ ಉಜ್ಜುವ ವಾಟರ್ ಪೇಪರನ್ನೇ ಇಲ್ಲಿಯೂ ನೀರಿನಲ್ಲಿ ನೆನೆಸಿ 600, 800, 1000, 1500 ಹೀಗೆ ನುಣುಪು ಹೆಚ್ಚಿಸುತ್ತ ಹೋಗಿ, ಕೊನೆಗೆ ಕಾಂಪೌಂಡ್ ಮತ್ತು ಮೇಣ ಹಚ್ಚುವುದು. ನೀರು ಇರುವುದರಿಂದ ಧೂಳು ಏಳುವುದೇ ಇಲ್ಲ, ಹಾಲಿನಂಥ ಕೆಸರಾಗಿ ಕೆಳಗಿಳಿಯುತ್ತದೆ. ಅದನ್ನು ಒಣಗುವ ಮೊದಲೇ ಒರೆಸಿ ತೆಗೆಯುತ್ತಿದ್ದೆ.

ಒಣ ಧೂಳೆದ್ದ ದಿನಗಳಲ್ಲಿ ನಾನು ಕಟ್ಟಿದ್ದು ಟವೆಲ್ ಅಲ್ಲ ಅಪ್ಪಾಜಿ. ರಬ್ಬರಿನ ಮುಖವಾಡ, ಅದರ ಎರಡು ಕೆನ್ನೆಗೂ ಒಂದೊಂದು ಗುಲಾಬಿ ಬಣ್ಣದ ಫಿಲ್ಟರ್. ಅದಕ್ಕೆ ಪಿ100 ಎನ್ನುತ್ತಾರೆ, 0.3 ಮೈಕ್ರಾನಿನಷ್ಟು ಸಣ್ಣ ಕಣಗಳಲ್ಲಿಯೂ ನೂರಕ್ಕೆ 99.97 ಪಾಲನ್ನು ತಡೆಯಬೇಕೆಂಬುದು ಅದರ ನಿಯಮ. ರೆಸಿನ್ ವಾಸನೆಗೆ ಬೇರೆ ಡಬ್ಬಿ ಜೋಡಿಸುತ್ತೇನೆ. ಟವೆಲಿನ ಎಳೆಗಳ ನಡುವೆ ಧೂಳು ನುಗ್ಗುವುದು ಒಂದು ಕಡೆಯಾದರೆ, ಅದರ ಪಕ್ಕದಿಂದ, ಮೂಗಿನ ಇಬ್ಬದಿಯಿಂದ ಗಾಳಿ ಒಳಗೆ ಬರುವುದೇ ಹೆಚ್ಚು. ಈ ಮುಖವಾಡ ಚರ್ಮಕ್ಕೆ ಅಂಟಿ ಕೂರುತ್ತದೆ. ಗಡ್ಡವಿದ್ದರೆ ಹಾಗೆ ಕೂರುವುದಿಲ್ಲವೆಂದೇ ನಾನು ಗಡ್ಡ ತೆಗೆಸಿದ್ದು, ಅವ್ವ ಅದನ್ನು ನೋಡಿ ಸಂತೋಷಪಟ್ಟಿದ್ದಳಲ್ಲ. ಸವೆಸುವ ಯಂತ್ರಕ್ಕೆ ಧೂಳೆಳೆಯುವ ಕೊಳವೆಯೂ ಇದೆ, ಮೈಗೆ ಪೂರ್ತಿ ಮುಚ್ಚುವ ಬಿಳಿ ಅಂಗಿಯೂ ಇದೆ. ನಾನು ಬೆಳ್ಳಗೆ ಕಂಡದ್ದರಲ್ಲಿ ಹೆಚ್ಚಿನ ಪಾಲು ಆ ಅಂಗಿಯೇ.

ಚುಕ್ಕೆಗಳ ಮಾತೂ ಹಾಗೆಯೇ. ಆ ಚಿತ್ರವನ್ನು ಗೆಳೆಯರೊಬ್ಬರು ಮೊಬೈಲಿನ ಫ್ಲಾಶ್ ಹಾಕಿ ತೆಗೆದರು. ಕ್ಯಾಮೆರಾದ ಕಣ್ಣಿಗೆ ತೀರ ಹತ್ತಿರ ತೇಲುವ ಒಂದೊಂದು ಕಣವೂ ಫ್ಲಾಶಿನ ಬೆಳಕನ್ನು ನೇರವಾಗಿ ಹಿಂದಕ್ಕೆ ಎಸೆಯುವುದರಿಂದ, ಬರಿಗಣ್ಣಿಗೆ ಕಾಣದ ಧೂಳೂ ಬೆಳ್ಳನೆಯ ಉಂಡೆಯಾಗಿ ಮೂಡುತ್ತದೆ. ಆದ್ದರಿಂದ ಈ ಸಲ ನಾನೇ ಸರಿಯಾಗಿ ತೆಗೆದು, ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ, ನಾಲ್ಕು ಚಿತ್ರಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಕಿಟಕಿಯ ಬೆಳಕಿನಲ್ಲಿ, ನಿಮ್ಮ ಓದುವ ಕನ್ನಡಕ ಹಾಕಿಕೊಂಡು ನೋಡಬೇಕು.

ಮೊದಲನೆಯದು ಕೊಯ್ದು ತೆರೆದ ಹಿಂಬದಿ. ದೀಪವನ್ನು ಪಕ್ಕಕ್ಕೆ ತಗ್ಗಾಗಿ ಇಟ್ಟು ತೆಗೆದದ್ದರಿಂದ ಮರ ಎಲ್ಲಿಯವರೆಗೆ ಕೊಳೆತಿತ್ತು, ಗಾಜಿನ ಪದರ ಎಲ್ಲಿ ಬಿಟ್ಟಿತ್ತು ಎಂಬುದು ನೆರಳಿನಿಂದಲೇ ಎದ್ದು ಕಾಣುತ್ತದೆ. ಎರಡನೆಯದು ಹೊಳಪು ಬಂದ ಮೇಲಿನ ಇಡೀ ದೋಣಿ. ಇದನ್ನು ತೆಗೆಯುವುದು ಸುಲಭವಲ್ಲ. ಬಿಸಿಲಿನಲ್ಲಿ ತೆಗೆದರೆ ಮೈಮೇಲೆ ಸೂರ್ಯನೇ ಕಾಣುತ್ತಾನೆ, ಹತ್ತಿರ ನಿಂತು ತೆಗೆದರೆ ಮೂತಿ ಊದಿ ಬಾಲ ಕುಗ್ಗುತ್ತದೆ. ಮೋಡ ಕವಿದ ಬೆಳಗಿನ ಹೊತ್ತು, ದೂರ ನಿಂತು, ಕ್ಯಾಮೆರಾವನ್ನು ದೋಣಿಯ ಅಂಚಿನ ಎತ್ತರಕ್ಕೆ ಸ್ಟ್ಯಾಂಡಿನ ಮೇಲಿಟ್ಟು, ಎದುರಿನ ಮನೆಗಳ ಪ್ರತಿಬಿಂಬ ತಗ್ಗಿಸಲು ಪೋಲರೈಸರ್ ಹಾಕಿ ತೆಗೆದಿದ್ದೇನೆ. ಬಿಳಿ ದೋಣಿಯನ್ನು ಕ್ಯಾಮೆರಾ ತನ್ನ ಪಾಡಿಗೆ ಬೂದು ಬಣ್ಣವಾಗಿ ತೋರಿಸುತ್ತದೆ, ಬೆಳಕನ್ನು ಒಂದು ಮೆಟ್ಟಿಲು ಹೆಚ್ಚಿಸಿದರೆ ಮಾತ್ರ ಬಿಳುಪು ಬಿಳುಪಾಗಿ ಬರುತ್ತದೆ. ಅಜ್ಜಿಗೆ ಕೊಟ್ಟದ್ದೂ ಇದೇ ಚಿತ್ರ. ಅವರು ರೆಕ್ಕೆಯ ಮೇಲಿನ ಒಂದು ಗೀರನ್ನು ಬೆರಳಿಟ್ಟು ತೋರಿಸಿ, ಅದು ಯಾವ ಕೆರೆಯ ಯಾವ ದಡದಲ್ಲಿ ಆದದ್ದೆಂದು ಹೇಳಿದರು.

ಮೂರು ಮತ್ತು ನಾಲ್ಕನೆಯವು ನಿಮಗಾಗಿಯೇ ತೆಗೆದವು. ಮೂರನೆಯದು ಫಿಲ್ಟರ್. ಬಳಸಿದ ಫಿಲ್ಟರಿನ ಹೊರಮೈ ಮತ್ತು ಒಳಮೈ ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಬೆಳಕಿನಲ್ಲಿ ತೆಗೆದಿದ್ದೇನೆ. ಹೊರಗೆ ಬೂದಿ ಮೆತ್ತಿದಂತಿದೆ, ಒಳಗೆ ಹೊಸದರ ಗುಲಾಬಿ ಬಣ್ಣ ಹಾಗೆಯೇ ಇದೆ. ನಾಲ್ಕನೆಯದು ಮುಖವಾಡ ತೆಗೆದ ತಕ್ಷಣದ ನನ್ನ ಮುಖ. ಹಣೆ ಮತ್ತು ಕಿವಿಯ ಮೇಲೆ ಧೂಳಿದೆ, ಮೂಗು ಬಾಯಿಯ ಸುತ್ತ ರಬ್ಬರಿನ ಅಚ್ಚು ಬಿದ್ದ ಗೆರೆಯೊಳಗೆ ಚರ್ಮ ತೊಳೆದಂತೆ ಶುಭ್ರವಾಗಿದೆ. ಇದಕ್ಕಿಂತ ಬೇರೆ ಸಾಕ್ಷಿ ನನ್ನಲ್ಲಿಲ್ಲ.

ಇನ್ನೂ ಒಂದು ಮಾತು. ಹತ್ತಿಯ ಧೂಳು ಬೇರೆ, ಗಾಜಿನ ಧೂಳು ಬೇರೆ. ಹತ್ತಿಯ ಜೊತೆ ಎಲೆಯ ಚೂರು, ಮಣ್ಣು, ಅವುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳ ವಿಷ ಎಲ್ಲವೂ ಬರುತ್ತವೆ. ಅದೇ ಎದೆಯನ್ನು ಬಿಗಿ ಹಿಡಿಯುವುದು. ಭಾನುವಾರ ರಜೆ ಮುಗಿಸಿ ಸೋಮವಾರ ಮಿಲ್ಲಿನಲ್ಲಿ ಹತ್ತಿ ಬಿಡಿಸಿ ಶುದ್ಧ ಮಾಡುವ ಬ್ಲೋ ರೂಮಿಗೆ ಹೋದ ದಿನ ನಿಮಗೆ ಉಸಿರು ಹೆಚ್ಚು ಕಟ್ಟುತ್ತಿತ್ತಲ್ಲ, ಬುಧವಾರದ ಹೊತ್ತಿಗೆ ಸಡಿಲವಾಗುತ್ತಿತ್ತಲ್ಲ, ಅದು ಬಿಸಿನೋಸಿಸ್ ಎಂಬ ಆ ಕಾಯಿಲೆಯ ಗುರುತು ಎಂದು ವೈದ್ಯರ ಪುಸ್ತಕಗಳಲ್ಲಿಯೇ ಇದೆ. ಅವ್ವ ಅದಕ್ಕೆ ಭಾನುವಾರದ ಊಟ ಕಾರಣವೆಂದು ಮಜ್ಜಿಗೆ ಬಿಡಿಸಿದ್ದಳು. ಗಾಜಿನ ಎಳೆಗೆ ಆ ವಿಷವಿಲ್ಲ. ದೋಣಿಗೆ ಬಳಸುವ ಎಳೆ ಕೂದಲಿಗಿಂತ ತೆಳ್ಳಗಿದ್ದರೂ ಉಸಿರಿನ ಲೆಕ್ಕಕ್ಕೆ ದಪ್ಪನಾದ್ದರಿಂದ ಎದೆಯ ಆಳಕ್ಕೆ ಇಳಿಯುವಂಥದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪರಿಶೀಲಿಸಿ, 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಬಗೆಯ ಎಳೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಲಿಲ್ಲ. ರೆಸಿನ್ ಪುಡಿ ಗಂಟಲು ಕೆರೆಯುತ್ತದೆ, ಮೈ ತುರಿಸುತ್ತದೆ, ಅದಕ್ಕೇ ಇಷ್ಟು ಕಟ್ಟುನಿಟ್ಟು. ನನಗೆ ಕೆಮ್ಮಿಲ್ಲ, ದಮ್ಮಿಲ್ಲ, ಎರಡು ಮಹಡಿ ಹತ್ತಿದರೂ ಏದುಸಿರಿಲ್ಲ, ನಿದ್ದೆ ಊಟ ಎಲ್ಲ ಸರಿಯಾಗಿದೆ. ಅವ್ವನ ಮೇಲಾಣೆ.

ನನ್ನ ಎದೆಯ ವಿಚಾರ ಇಷ್ಟಕ್ಕೆ ಮುಗಿಯಿತು, ನಿಮ್ಮದು ಮುಗಿದಿಲ್ಲ. ಪತ್ರದ ಕೊನೆಯಲ್ಲಿ "ನನ್ನದು ಹೋಗಲಿ, ಪಂಪು ಬಿಟ್ಟಿದ್ದೇನೆ, ಚಟ ಹತ್ತಿಸಿಕೊಳ್ಳುವುದು ಬೇಡ" ಎಂದು ಬರೆದಿದ್ದೀರಿ. ಅಪ್ಪಾಜಿ, ಆ ಇನ್ಹೇಲರ್ ಪಂಪು ಚಟವಲ್ಲ. ಗುಳಿಗೆಯಾದರೆ ಹೊಟ್ಟೆಗೆ ಹೋಗಿ ರಕ್ತದಲ್ಲಿ ಬೆರೆತು ಮೈತುಂಬ ತಿರುಗಿ ಎದೆಗೆ ಬರಬೇಕು, ಪಂಪಿನ ಔಷಧ ಗುಳಿಗೆಯ ಸಣ್ಣ ಪಾಲಿನಷ್ಟಿದ್ದರೂ ನೇರವಾಗಿ ಎದೆಗೇ ಹೋಗುತ್ತದೆ. ಬಾಯಿಗೆ ಇಟ್ಟುಕೊಳ್ಳುವ ಆ ಪ್ಲಾಸ್ಟಿಕ್ ಕೊಳವೆ, ಸ್ಪೇಸರ್ ಎನ್ನುತ್ತಾರಲ್ಲ, ಅದನ್ನು ಹಾಕಿಯೇ ಎಳೆಯಬೇಕು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಡಾಕ್ಟರು ಬರೆದುಕೊಟ್ಟ ಊದುವ ಪರೀಕ್ಷೆಯನ್ನೂ ನೀವು ಮುಂದಕ್ಕೆ ಹಾಕುತ್ತಲೇ ಬಂದಿದ್ದೀರಿ ಎಂದು ಗಿರೀಶಣ್ಣ ಹೇಳಿದ. ಅದರಲ್ಲಿ ನೋವಿಲ್ಲ, ಸೂಜಿಯಿಲ್ಲ. ಪೂರ್ತಿ ಉಸಿರು ಎಳೆದು ಒಂದೇ ಸಮ ಊದಬೇಕು, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಬಂತು ಎಂಬುದೇ ಮುಖ್ಯ. ಮಿಲ್ಲಿನಲ್ಲಿ ಇಷ್ಟು ಕಾಲ ದುಡಿದೆನೆಂದು ಡಾಕ್ಟರಿಗೆ ನೀವಾಗಿಯೇ ಹೇಳಬೇಕು, ಬ್ಲೋ ರೂಮ್ ಎಂದು ಬಿಡಿಸಿ ಹೇಳಬೇಕು. ನೀವು ಹೇಳದೆ ಹೋದರೆ ಅವರು ಬೀಡಿಯ ಲೆಕ್ಕದಲ್ಲಿ ನೋಡಿಬಿಡುತ್ತಾರೆ, ನೀವು ಬೀಡಿ ಮುಟ್ಟಿದವರಲ್ಲ. ಬೆಳಗಿನ ತಿರುಗಾಟಕ್ಕೆ ಮಂಡಕ್ಕಿ ಭಟ್ಟಿಯ ಕಡೆ ಹೋಗಬೇಡಿ, ಅಲ್ಲಿನ ಹೊಗೆ ನಿಮಗೆ ಆಗದು. ಗಿರೀಶಣ್ಣ ಗಾಡಿಯಲ್ಲಿ ಕುಂದುವಾಡ ಕೆರೆಯ ಬಳಿ ಬಿಡಲಿ, ಅವನಿಗೂ ಇವತ್ತೇ ತಿಳಿಸುತ್ತೇನೆ.

ಪರೀಕ್ಷೆಯ ಚೀಟಿ ಬಂದ ಕೂಡಲೇ ನನಗೆ ಚಿತ್ರ ತೆಗೆದು ಕಳಿಸಬೇಕು. ಚೀಟಿಯನ್ನು ಮೇಜಿನ ಮೇಲೆ ಹರಡಿ, ಫ್ಲಾಶ್ ಹಾಕದೆ, ಮೊಬೈಲಿನ ನೆರಳು ಬೀಳದಂತೆ ನೇರ ಮೇಲಿನಿಂದ ತೆಗೆಯಲು ಮಕ್ಕಳಿಗೆ ಹೇಳಿ, ಅಂಕಿಗಳು ಕಾಣಬೇಕು.

ಇಲ್ಲಿನ ಸುದ್ದಿ ಹೆಚ್ಚಿಲ್ಲ. ಈ ರಾಜ್ಯದ ಗಾಡಿಗಳ ನಂಬರ್ ಪ್ಲೇಟಿನ ಮೇಲೆಯೇ "10,000 ಕೆರೆಗಳು" ಎಂದು ಬರೆದಿರುತ್ತದೆ, ನಮ್ಮ ಸೂಳೆಕೆರೆಯನ್ನು ಕಂಡವನಿಗೆ ಅವುಗಳಲ್ಲಿ ಎಷ್ಟೋ ಹೊಂಡಗಳಂತೆ ತೋರುತ್ತವೆ. ಆದರೆ ಅವನ್ನು ಕಾಪಾಡುವ ಕ್ರಮ ಮೆಚ್ಚುವಂಥದ್ದು. ಒಂದು ಕೆರೆಯ ಹುಳುಹುಪ್ಪಡಿ ಇನ್ನೊಂದಕ್ಕೆ ಹೋಗಬಾರದೆಂದು, ದೋಣಿಯನ್ನು ರಸ್ತೆಗೆ ತರುವ ಮೊದಲು ಅದರ ಬಿರಡೆ ತೆಗೆದು ನೀರೆಲ್ಲ ಬಸಿಯಬೇಕೆಂಬ ಕಾನೂನಿದೆ, ಜನ ಅದನ್ನು ಪಾಲಿಸುತ್ತಾರೆ. ಚಳಿಗಾಲದಲ್ಲಿ ಇದೇ ಕೆರೆಗಳ ಮಂಜುಗಡ್ಡೆಯ ಮೇಲೆ ಕಾರು ಓಡಿಸುತ್ತಾರೆಂದರೆ ಅವ್ವ ನಂಬಲಿಲ್ಲ, ಮುಂದಿನ ಜನವರಿಯಲ್ಲಿ ಚಿತ್ರ ಕಳಿಸುತ್ತೇನೆ.

ಟ್ರೇಲರಿನ ಚಕ್ರ ಬದಲಿಸಲು ಗೆಳೆಯರು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಇಲ್ಲಿಗೇ ಮುಗಿಸುತ್ತೇನೆ. ಪರೀಕ್ಷೆಯ ಹಣವನ್ನು ಗಿರೀಶಣ್ಣನ ಖಾತೆಗೆ ಹಾಕಿದ್ದೇನೆ, ಅದು ಬೇರೆ ಯಾವುದಕ್ಕೂ ಖರ್ಚಾಗಬಾರದು. ಪಂಪು ಇವತ್ತು ರಾತ್ರಿಯಿಂದಲೇ ಶುರುವಾಗಲಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಪ್ರಕಾಶ