ಪದಬಂಧದ ಪಕ್ಕದಲ್ಲಿ ಇಟ್ಟಿಗೆ ಆಟಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳೆಂದರೆ ಬರೀ ಬೆರಳಿನ ಚುರುಕು, ತಲೆಗೆ ಅಲ್ಲಿ ಕೆಲಸವೇ ಇಲ್ಲ ಎಂದು ಓದುಗರೊಬ್ಬರು ಕಳೆದ ವಾರ ಬರೆದಿದ್ದರು. ಈ ಮಾತನ್ನು ನಾನು ಒಪ್ಪಲಾರೆ.

ಯಶವಂತಪುರ ಎಪಿಎಂಸಿ ಯಾರ್ಡ್‌ನ ಮಂಡಿಯೊಂದರಲ್ಲಿ 29 ವರ್ಷ ಗುಮಾಸ್ತನಾಗಿದ್ದೆ. ಈರುಳ್ಳಿ ಮೂಟೆಗಳನ್ನು ಹೇಗೆ ಜೋಡಿಸಿದರೆ ನಾಳೆ ಬೇಕಾದ ಮೂಟೆ ಹಿಂದೆ ಸಿಕ್ಕಿಕೊಳ್ಳುವುದಿಲ್ಲ ಎಂಬುದೇ ನಮ್ಮ ನಿತ್ಯದ ತಲೆನೋವು. ಜಪಾನಿನಲ್ಲಿ 1982ರಲ್ಲಿ ಬಂದ ‘ಸೊಕೊಬಾನ್’ ಇದೇ ತಲೆನೋವನ್ನು ಆಟ ಮಾಡಿತು. ಆ ಹೆಸರಿನ ಅರ್ಥವೇ ಗೋದಾಮು ನೋಡಿಕೊಳ್ಳುವವನು. ಪೆಟ್ಟಿಗೆಯನ್ನು ತಳ್ಳಬಹುದು, ಎಳೆಯುವಂತಿಲ್ಲ. ಮೂಲೆಗೆ ತಳ್ಳಿದಿರೋ, ಅಲ್ಲಿಗೆ ಮುಗಿಯಿತು.

ನನ್ನನ್ನು ಹಿಡಿದಿಟ್ಟದ್ದು ಈ ಲೆಕ್ಕಾಚಾರದ ಜೊತೆಗೆ ಹತ್ತುವುದು, ಜಿಗಿಯುವುದು ಸೇರಿಕೊಂಡ ಆಟಗಳು. ಮಗನಿಗೆಂದು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಕೊಂಡ ಟಿವಿ ಗೇಮ್‌ನ ಕ್ಯಾಸೆಟ್ಟಿನಲ್ಲಿ ಟೆಕ್ಮೊ ಕಂಪನಿಯ 1986ರ ‘ಸಾಲೊಮನ್ಸ್ ಕೀ’ ಇತ್ತು. ಡಾನಾ ಎಂಬ ಮಾಂತ್ರಿಕ ಕೋಲು ಬೀಸಿದರೆ ಎದುರಿಗೊಂದು ಇಟ್ಟಿಗೆ ಮೂಡುತ್ತದೆ, ಮತ್ತೆ ಬೀಸಿದರೆ ಮಾಯ. ಅದೇ ಇಟ್ಟಿಗೆ ಅವನಿಗೆ ಮೆಟ್ಟಿಲು, ಎದುರಾಗುವ ಪಿಶಾಚಿಗೆ ಗೋಡೆ. ಮಗ ಮಲಗಿದ ಮೇಲೆ ಟಿವಿಯ ಸದ್ದಡಗಿಸಿ ನಾನು ಆಡುತ್ತಿದ್ದೆ.

ಈಗ ಮೊಮ್ಮಗಳಿಗೆ 8 ವರ್ಷ. ಅವಳ ಕೈಗೆ ಮೊಬೈಲ್ ಕೊಡಲು ಸೊಸೆಗೆ ಇಷ್ಟವಿಲ್ಲ, ಅದು ಸರಿಯೇ. ಹಾಗಾಗಿ ಗ್ರಾಫ್ ಬಿಡಿಸಿ ತೋರಿಸುವ ಕ್ಯಾಲ್ಕುಲೇಟರ್‌ಗಳಲ್ಲಿ ಬರುತ್ತಿದ್ದ ‘ಬ್ಲಾಕ್ ಡ್ಯೂಡ್’ ಆಟವನ್ನು ಲೆಕ್ಕದ ಪುಸ್ತಕದ ಚೌಕುಳಿ ಹಾಳೆಗೆ ಇಳಿಸಿದೆ. ಹುಣಸೆಬೀಜಗಳು ಇಟ್ಟಿಗೆ, ಕವಡೆ ಆಳು. ಆಳು ಒಂದು ಮನೆ ಎತ್ತರವನ್ನಷ್ಟೇ ಹತ್ತಬಲ್ಲ, ಒಮ್ಮೆಗೆ ಒಂದೇ ಇಟ್ಟಿಗೆ ಹೊರಬಲ್ಲ, ತಾನು ನಿಂತ ಮಟ್ಟದಲ್ಲಿ ಪಕ್ಕಕ್ಕಿರುವುದನ್ನು ಮಾತ್ರ ಎತ್ತಬಲ್ಲ. ಅವಳಿಗೆ ಕೊಟ್ಟದ್ದು ಎರಡು ಬೀಜ. ಮುಂದೆ ಒಂದು ಮನೆ ಅಗಲ, ಎರಡು ಮನೆ ಆಳದ ಹಳ್ಳ. ಅದರಾಚೆ ಸ್ವಲ್ಪ ದೂರದಲ್ಲಿ, ಆಳು ಹತ್ತಿ ದಾಟಬೇಕಾದ ಎರಡು ಮನೆ ಎತ್ತರದ ಗೋಡೆ.

ಎರಡನ್ನೂ ಹಳ್ಳಕ್ಕೆ ಹಾಕಿ, ಸಮ ಮಾಡಿ, ಕವಡೆಯನ್ನು ಗೋಡೆಯವರೆಗೆ ನಡೆಸಿದಳು. ಮೆಟ್ಟಿಲು ಮಾಡಿ ಹತ್ತಲು ಬೀಜವೇ ಉಳಿದಿರಲಿಲ್ಲ. ಬೀಜಗಳನ್ನು ಮೊದಲಿನ ಜಾಗದಲ್ಲಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಳು. ಆಮೇಲೆ, “ತಾತ, ಹಳ್ಳವನ್ನು ಪೂರ್ತಿ ಮುಚ್ಚಬಾರದು” ಎಂದಳು. ಒಂದು ಬೀಜ ಹಳ್ಳಕ್ಕೆ. ಇನ್ನೊಂದನ್ನು ಹೊತ್ತು ಹಳ್ಳಕ್ಕಿಳಿದು, ಆಚೆ ಹತ್ತಿ, ಗೋಡೆಯ ಬುಡದಲ್ಲಿಟ್ಟಳು.

ಬರೀ ಜಿಗಿಯುವ ಆಟದಲ್ಲಿ ಬಿದ್ದರೆ ಬೆರಳು ತಡವಾಯಿತು ಎನ್ನುತ್ತೇವೆ. ಇಲ್ಲಿ ಮೂರನೆಯ ಹೆಜ್ಜೆಯ ತಪ್ಪು ಇಪ್ಪತ್ತನೆಯ ಹೆಜ್ಜೆಯಲ್ಲಿ ಕಾಲಿಗೆ ತೊಡರುತ್ತದೆ, ಅದನ್ನು ಹುಡುಕಿಕೊಂಡು ಹಿಂದಕ್ಕೆ ಹೋಗಬೇಕು. ನನಗೆ ಇದರ ರುಚಿ ಇರುವುದೇ ಅಲ್ಲಿ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಪದಬಂಧ, ಸುಡೊಕು ಬರುತ್ತವೆ. ಅವುಗಳ ಪಕ್ಕದಲ್ಲಿ ಇಂಥದೊಂದು ಚೌಕುಳಿ ಚಿತ್ರವನ್ನೂ ಅಚ್ಚು ಹಾಕಿ. ಮೊಬೈಲ್ ಬೇಡ, ಒಂದು ಹಿಡಿ ಹುಣಸೆಬೀಜ ಸಾಕು. ಉತ್ತರವನ್ನು ಮಾತ್ರ ಅದೇ ಪುಟದಲ್ಲಿ ತಲೆಕೆಳಗಾಗಿ ಮುದ್ರಿಸದೆ ಮುಂದಿನ ಭಾನುವಾರಕ್ಕೆ ಉಳಿಸಿ.

– ನಿವೃತ್ತ ಗುಮಾಸ್ತ, ಮತ್ತಿಕೆರೆ, ಬೆಂಗಳೂರು