ಸೋಲಾರ್ ಹೊಲಕ್ಕೂ ಬದು ಬೇಕು

ಮಾನ್ಯ ಸಂಪಾದಕರೇ,

ರೈತರಿಗೆ ಸೌರವಿದ್ಯುತ್ ಒದಗಿಸುವ ಕೇಂದ್ರದ ಕುಸುಮ್ ಯೋಜನೆಯ ಸೋಲಾರ್ ಘಟಕಗಳು ಪಾವಗಡದ ಸೋಲಾರ್ ಪಾರ್ಕಿನ ಹಾಗೆ ಒಂದೇ ಕಡೆ ಹದಿಮೂರು ಸಾವಿರ ಎಕರೆ ಹಾಸಿಕೊಳ್ಳುವಂಥವಲ್ಲ. ಸಬ್‌ಸ್ಟೇಷನ್ನಿನ ಆಸುಪಾಸಿನಲ್ಲಿ ನಾಲ್ಕೈದು ಎಕರೆಗೊಂದು ಮೆಗಾವಾಟ್ ಲೆಕ್ಕದಲ್ಲಿ, ರಾಗಿ ಹೊಲ, ತೆಂಗಿನ ತೋಟಗಳ ನಡುವೆಯೇ ಬಂದು ಕೂರುತ್ತವೆ. ಅರಸೀಕೆರೆ, ಕಡೂರಿನಂಥ ಬಯಲು ತಾಲ್ಲೂಕುಗಳಲ್ಲಿ ಇವುಗಳಿಗೆ ಅಕ್ಕಪಕ್ಕದ ಹಿಡುವಳಿದಾರರು ಇದ್ದೇ ಇರುತ್ತಾರೆ. ಆ ನೆರೆಯವರಿಗೆ ಎಷ್ಟು ಜಾಗ ಬಿಡಬೇಕು, ಮಳೆನೀರು ಯಾವ ಕಡೆ ಹೋಗಬೇಕು ಎಂದು ಹೇಳುವ ನಿಯಮ ಮಾತ್ರ ಹಳ್ಳಿಯ ಮಟ್ಟದಲ್ಲಿ ಕಾಣುವುದಿಲ್ಲ.

ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯೊಳಗೆ (ಮಾಸ್ಟರ್ ಪ್ಲಾನ್) ಬರುವ ಜಮೀನಿಗೆ, ಯಾವ ಬಳಕೆಗೆ ಎಂದು ತೋರಿಸುವ ಹಳದಿ, ಹಸಿರು, ನೇರಳೆ ಎಂಬ ವಲಯದ ಬಣ್ಣವಿದೆ. ಅದರಾಚೆಯ ಹಳ್ಳಿಗೆ ಬಣ್ಣವೇ ಇಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ನೋಡುವುದು ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬಹುದೇ ಎಂಬುದನ್ನು. ಆ ಪರಿವರ್ತನೆ ಸೋಲಾರ್‌ಗೆ ಸಲೀಸಾಗಲಿ, ಬೇಡವೆನ್ನುವುದಿಲ್ಲ. ಆದರೆ ಬೇಲಿ ಎಲ್ಲಿ ನಿಲ್ಲಬೇಕು ಎಂಬುದು ಅದರಲ್ಲಿ ತೀರ್ಮಾನವಾಗುವುದಿಲ್ಲ. ಮಾಲಿನ್ಯ ನಿಯಂತ್ರಣದ ಪಟ್ಟಿಯಲ್ಲಿ ಸೋಲಾರ್ ಬಿಳಿ ವರ್ಗಕ್ಕೆ, ಅಂದರೆ ಮಾಲಿನ್ಯ ಇಲ್ಲವೆನ್ನುವಷ್ಟು ಕಡಿಮೆಯಿರುವ ಉದ್ಯಮಗಳ ಗುಂಪಿಗೆ, ಸೇರಿದ್ದು, ಅಲ್ಲಿಯೂ ಸಮ್ಮತಿ ಬೇಕಿಲ್ಲ. ಹೀಗಾಗಿ ಉಳಿಯುವುದು ಗ್ರಾಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಕಟ್ಟಡಗಳಿಗೆ, 66ನೇ ಪ್ರಕರಣ ಕಾರ್ಖಾನೆ ಮತ್ತು ಯಂತ್ರ ಸ್ಥಾಪನೆಗೆ ಅನುಮತಿ ಕೊಡುವ ಅಧಿಕಾರವನ್ನು ಅದಕ್ಕೆ ಕೊಟ್ಟಿವೆ. ಅನುಮತಿ ಕೊಡುವವರು ಷರತ್ತನ್ನೂ ಹಾಕಬಹುದು. ಒಂದು ಸಾಲಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬರೆದು ಮೊಹರು ಒತ್ತುವ ಬದಲು ಕೆಳಗಿನವನ್ನು ಠರಾವಿನಲ್ಲೇ ಸೇರಿಸಲಿ.

ಮೊದಲನೆಯದು ನೆರಳು. ತೆಂಗಿನ ಸೀಮೆಯಲ್ಲಿ ಇದೇ ದೊಡ್ಡ ಜಗಳ. ಪ್ಯಾನೆಲ್ ಒಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ, ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ಬಳಸಿ ಸಾಗಿಸುವ ಬಿಡಿಭಾಗಗಳು ಇವು. ಒಂದು ಗರಿಯ ನೆರಳು ಬಿದ್ದರೂ ಆ ಪ್ಯಾನೆಲಿನ ಮೂರನೇ ಒಂದು ಪಾಲು ಉತ್ಪಾದನೆ ನಿಂತುಹೋಗಬಹುದು. ಆಗ ಕಂಪನಿಯವರು ಪಕ್ಕದ ತೋಟದವರ ಬಳಿ ಬಂದು ಮರ ಕಡಿಯಿರಿ ಎನ್ನುತ್ತಾರೆ. ಇದು ತಲೆಕೆಳಗಾದ ನ್ಯಾಯ, ಮರ ಮೊದಲು ಬಂದದ್ದು. ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ. ಡಿಸೆಂಬರ್ ಕೊನೆಯ ವಾರದಲ್ಲಿ 18 ಮೀಟರ್ ಎತ್ತರದ ತೆಂಗಿನ ನೆರಳು ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ ವಾಯವ್ಯಕ್ಕೆ 28 ಮೀಟರ್ ಚಾಚಿರುತ್ತದೆ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ನೇರ ಉತ್ತರಕ್ಕೆ ಹದಿಮೂರು ಹದಿನಾಲ್ಕು ಮೀಟರ್ ಇರುತ್ತದೆ. ಈ ಲೆಕ್ಕದಲ್ಲಿ ಪೂರ್ವ, ಪಶ್ಚಿಮದ ಗಡಿಯಲ್ಲಿ ಮರವಿದ್ದರೆ ಮರದೆತ್ತರದ ಒಂದೂಕಾಲು ಪಟ್ಟು, ದಕ್ಷಿಣದಲ್ಲಿದ್ದರೆ ಮರದೆತ್ತರದಷ್ಟು ಜಾಗ ಬಿಟ್ಟು ಪ್ಯಾನೆಲ್ ಸಾಲು ಶುರುವಾಗಬೇಕು. ಉತ್ತರದ ಗಡಿಯ ಮರದ ನೆರಳು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ ಸ್ವಲ್ಪ ದಕ್ಷಿಣಕ್ಕೆ ಬೀಳುತ್ತದೆ, ಅಲ್ಲಿ ಕಡಿಮೆ ಜಾಗ ಸಾಕು. ಇಂದಿನ ಎಳೆ ಸಸಿ ಹದಿನೈದು ವರ್ಷಕ್ಕೆ ಎಷ್ಟೆತ್ತರ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಟ್ಟ ಜಾಗ ದಂಡವೇನಲ್ಲ: ಒಳರಸ್ತೆ, ಇನ್ವರ್ಟರ್ ಕೊಠಡಿ, ಟ್ರಾನ್ಸ್‌ಫಾರ್ಮರ್, ಕೃಷಿಹೊಂಡ ಎಲ್ಲವೂ ಅಲ್ಲಿಗೇ ಸರಿಹೋಗುತ್ತವೆ.

ಎರಡನೆಯದು ನೀರು. ಗುತ್ತಿಗೆದಾರರ ಮೊದಲ ಕೆಲಸವೇ ಜೆಸಿಬಿ ತಂದು ಬದು ಒಡೆದು ನೆಲ ಮಟ್ಟ ಮಾಡುವುದು. ಹೆಚ್ಚಿನ ಕಡೆ ಅದು ಬೇಕಾಗಿಯೇ ಇಲ್ಲ, ಕಂಬದ ಎತ್ತರವನ್ನು ಹೆಚ್ಚು ಕಡಿಮೆ ಮಾಡಿದರೆ ಸಾಲು ಇಳಿಜಾರಿನ ಮೇಲೂ ನಿಲ್ಲುತ್ತದೆ. ಐದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಎಂದರೆ ಹತ್ತು ಲಕ್ಷ ಲೀಟರ್ ನೀರು. ಬದುವಿರುವ ಉತ್ತ ಹೊಲದಲ್ಲಿ ಬಹಳಷ್ಟು ಇಂಗುತ್ತದೆ. ಬುಲ್ಡೋಜರ್ ತುಳಿದು ಗಟ್ಟಿಯಾದ ನೆಲದಲ್ಲಿ, ಅದೂ ಪ್ಯಾನೆಲಿನ ಕೆಳಅಂಚಿನಿಂದ ಒಂದೇ ಗೆರೆಗೆ ಸುರಿಯುವಾಗ, ಅರ್ಧ ಹರಿದರೂ ಐದು ಲಕ್ಷ ಲೀಟರ್ ಮಣ್ಣುನೀರು ಕೆಳಗಿನವರ ಹೊಲಕ್ಕೆ ನುಗ್ಗುತ್ತದೆ. ಆ ಹೂಳು ಕೊನೆಗೆ ಸೇರುವುದು ಊರ ಕೆರೆಗೆ. ಆದ್ದರಿಂದ ಇರುವ ಬದು ಉಳಿಯಬೇಕು, ಅಂಚಿನ ಕೆಳಗೆ ಹುಲ್ಲಿರಬೇಕು, ತಗ್ಗಿನ ಮೂಲೆಯಲ್ಲಿ ಕೃಷಿಹೊಂಡ ತೆಗೆದು ಅದರ ಕೋಡಿಯನ್ನು ಹಳ್ಳಕ್ಕೆ ತಿರುಗಿಸಬೇಕು. ಪ್ಯಾನೆಲ್ ತೊಳೆಯಲೂ ಅದೇ ನೀರು ಆದೀತು. 540 ವಾಟ್‌ನ ಪ್ಯಾನೆಲ್ ಹಾಕಿದರೆ ಮೆಗಾವಾಟ್‌ಗೆ ಸುಮಾರು 1,850 ಬೇಕು. ತಲಾ ಎರಡು ಲೀಟರ್ ಎಂದರೂ ಒಂದು ಸಲಕ್ಕೆ 3,700 ಲೀಟರ್. ಗಡಸು ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಉಪ್ಪು ಕೂರುತ್ತದೆ, ಅದು ಅವರಿಗೇ ನಷ್ಟ.

ಮೂರನೆಯದು ದಾರಿ. ಪಹಣಿಯಲ್ಲಿ ಕಾಣುವ ವಿಸ್ತೀರ್ಣ ನೋಡಿ ಬೇಲಿ ಹಾಕಿದರೆ ಸಾಲದು. ಗ್ರಾಮನಕ್ಷೆ, ಟಿಪ್ಪಣಿ (ಸರ್ವೆ ನಂಬರಿನ ಅಳತೆ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಮೂರನ್ನೂ ಮುಂದಿಟ್ಟು ಬಂಡಿದಾರಿ, ಹಳ್ಳ, ರಾಜಕಾಲುವೆಗಳನ್ನು ಗುರುತಿಸಿ ಹದ್ದುಬಸ್ತು, ಅಂದರೆ ಅಳತೆ ಮಾಡಿ ಗಡಿ ಗುರುತು, ಮಾಡಿಸಬೇಕು. ‘ಬಿ’ ಖರಾಬು, ಅಂದರೆ ದಾರಿ, ಹಳ್ಳದಂಥ ಸಾಗುವಳಿಗೆ ಬಾರದ ಜಾಗ, ಸಾರ್ವಜನಿಕರದ್ದು. ಸುತ್ತಲಿನ ಜಮೀನು ಗುತ್ತಿಗೆಗೆ ಹೋಯಿತೆಂದು ಅದು ಕಂಪನಿಯದ್ದಾಗುವುದಿಲ್ಲ. ಬೇಲಿಯನ್ನು ಗಡಿಕಲ್ಲಿನ ಮೇಲೇ ನೆಟ್ಟರೆ ಪಕ್ಕದವರು ಟ್ರ್ಯಾಕ್ಟರ್ ತಿರುಗಿಸಲು ಪರದಾಡುತ್ತಾರೆ. ಕನಿಷ್ಠ ಮೂರು ಮೀಟರ್ ಒಳಗೆ ಸರಿಯಲಿ.

ಬೆಂಕಿಯದ್ದೂ ಒಂದು ಮಾತು. ಫೆಬ್ರುವರಿಯಿಂದ ಮಳೆ ಬೀಳುವವರೆಗೆ ಒಣಹುಲ್ಲಿಗೆ ಕಿಡಿ ಸಾಕು, ಪ್ಯಾನೆಲ್ ತಂತಿಗಳನ್ನು ಜೋಡಿಸುವ, ಸಡಿಲವಾದ ಒಂದು ಡಿಸಿ (ನೇರ ವಿದ್ಯುತ್) ಕನೆಕ್ಟರ್‌ನಿಂದಲೇ ಅದು ಬಂದೀತು. ಬಿಸಿಲಿರುವಷ್ಟು ಹೊತ್ತು ಮೇನ್ ಆಫ್ ಮಾಡಿದರೂ ಪ್ಯಾನೆಲ್ ಕಡೆಯ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ, ಬಿಂದಿಗೆ ಹಿಡಿದು ಓಡಬಾರದು. ಕಳೆನಾಶಕ ಹೊಡೆಯುವುದಕ್ಕಿಂತ ಕುರಿ ಬಿಡುವುದು ಲೇಸು. ಅದಕ್ಕೆ ಪ್ಯಾನೆಲಿನ ಕೆಳಅಂಚು ನೆಲದಿಂದ ಮೂರಡಿಯಾದರೂ ಮೇಲಿರಬೇಕು, ಕೇಬಲ್ ಪೈಪಿನೊಳಗಿರಬೇಕು. ಗೇಟಿನ ಒಂದು ಕೀಲಿ ಊರಿನ ಲೈನ್‌ಮನ್ ಬಳಿ ಇರಲಿ.

ಕೊನೆಯದು, ಇಪ್ಪತ್ತೈದು ವರ್ಷದ ನಂತರದ ಮಾತು. ಒಂದು ಮೆಗಾವಾಟ್ ಘಟಕದ ಪ್ಯಾನೆಲ್‌ಗಳೇ ಸುಮಾರು 50 ಟನ್ ತೂಗುತ್ತವೆ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೋಲಾರ್ ಪ್ಯಾನೆಲ್ ಸೇರಿದೆ, ಆದರೆ ಕಂಬದ ಬುಡದ ಕಾಂಕ್ರೀಟಿಗೆ ಆ ನಿಯಮ ಸಂಬಂಧವಿಲ್ಲ. ನೇಗಿಲ ಕುಳಕ್ಕೆ ಅದೇ ಸಿಕ್ಕುವುದು. ನೆಲದಿಂದ ಮೂರಡಿ ಆಳದವರೆಗೆ ಕಂಬ, ಕಾಂಕ್ರೀಟು, ಕೇಬಲ್ ಕಿತ್ತು ಜಮೀನು ಒಪ್ಪಿಸಬೇಕು, ಅದರ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಮೊದಲೇ ಇಡಬೇಕು, ಕಂಪನಿ ಕೈ ಬದಲಾದರೆ ಹೊಸಬರಿಗೂ ಇದೇ ಷರತ್ತು ಅನ್ವಯಿಸಬೇಕು. ಇಷ್ಟನ್ನು ನೋಂದಾಯಿತ ಗುತ್ತಿಗೆ ಕರಾರಿನಲ್ಲಿ ಬರೆಸಿದ ಮೇಲೆಯೇ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಡತ ಮುಂದಕ್ಕೆ ಕಳುಹಿಸಲಿ.

— ಒಬ್ಬ ಭೂಮಾಪಕ, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ